ಬೆಳೆ ಹೆಚ್ಚಾದರೆ ಕೈ ಬರಿದೇಕೆ?

ಅರ್ಥಶಾಸ್ತ್ರದ ಪದವಿ ವಿದ್ಯಾರ್ಥಿಗಳಿಗೆ ಬೆವರಿಳಿಸುವ ಪತ್ರಿಕೆಗಳಲ್ಲಿ ಸೂಕ್ಷ್ಮ ಅರ್ಥಶಾಸ್ತ್ರದ್ದು ಮೊದಲ ಸಾಲು. ಆರಂಭದಲ್ಲಿ ಬೇಡಿಕೆ ಮತ್ತು ಪೂರೈಕೆಯ ಎರಡು ಗೆರೆಗಳಿಗೇ ಮುಗಿಯುವ ಪಾಠ, ಪದವಿಯ ನಡುಘಟ್ಟಕ್ಕೆ ಬಂದಾಗ ಚಹರೆಯನ್ನೇ ಬದಲಿಸುತ್ತದೆ. ತುಷ್ಟಿಗುಣ, ಔದಾಸೀನ್ಯ ವಕ್ರರೇಖೆ, ಸೀಮಾಂತ ವೆಚ್ಚ, ಸ್ಥಿತಿಸ್ಥಾಪಕತ್ವ ಮುಂತಾದ ಪದಗಳು ಸಾಲುಗಟ್ಟುತ್ತವೆ. ಅವುಗಳ ಬೆನ್ನಿಗೆ ಗಣಿತವೂ ಬರುತ್ತದೆ.

ಕಲಬುರಗಿಯಲ್ಲಿ ಈ ವಿಷಯದ ಓದಿಗೆ ಸಾಕಷ್ಟು ಹಿನ್ನೆಲೆಯಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ 1970ರಲ್ಲಿ ಆರಂಭವಾದ ಸಂಸ್ಥೆಯೇ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೇ ಜಿಲ್ಲೆಯ ಕಡಗಂಚಿಯಲ್ಲಿದೆ. ಆದರೆ ಕೌಟ್ಸೊಯಾನಿಸ್, ವೇರಿಯನ್ ಮೊದಲಾದವರ ಹೆಸರಾಂತ ಪಠ್ಯಗಳೆಲ್ಲ ಇಂಗ್ಲಿಷಿನವು. ಅವುಗಳ ಉದಾಹರಣೆಗಳೂ ಬೇರೆ ನಾಡಿನವು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹಳ್ಳಿಯ ವಿದ್ಯಾರ್ಥಿಗೆ ಹೀಗಾಗಿ ಸಿದ್ಧಾಂತವೊಂದು ಕಡೆ, ಬದುಕೊಂದು ಕಡೆ ಎನಿಸುವುದು ಸಹಜ. ವಾಸ್ತವದಲ್ಲಿ ಆ ಪತ್ರಿಕೆಯ ಮುಖ್ಯ ಪಾಠವೊಂದು ನಗರದ ನೆಹರು ಗಂಜ್‌ನ ಅಡತ್ ಅಂಗಡಿಗಳಲ್ಲೇ ಇದೆ.

ಕಲಬುರಗಿ ರಾಜ್ಯದ ತೊಗರಿ ಕಣಜ. 2014 ಮತ್ತು 2015ರಲ್ಲಿ ಮಳೆ ಕೈಕೊಟ್ಟಿತು. 2015ರ ಕೊನೆಯ ಹೊತ್ತಿಗೆ ದೇಶದ ಹಲವು ನಗರಗಳಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋಯಿತು. ಆ ಬೆಲೆ ಕಂಡ ರೈತರು 2016ರ ಮುಂಗಾರಿನಲ್ಲಿ ತೊಗರಿಯತ್ತ ವಾಲಿದರು, ಮಳೆಯೂ ಒದಗಿತು. ಹಿಂದಿನ ವರ್ಷ ಸುಮಾರು 26 ಲಕ್ಷ ಟನ್ ಇದ್ದ ದೇಶದ ಉತ್ಪಾದನೆ ಸುಮಾರು 49 ಲಕ್ಷ ಟನ್‌ಗೆ ಏರಿತು. ರಾಶಿ ಮುಗಿಸಿ ಮಾಲು ತಂದ ರೈತನಿಗೆ ಸಿಕ್ಕಿದ್ದು, ಕ್ವಿಂಟಲ್‌ಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿನ ದರ. ಬೆಳೆ ಹುಲುಸಾಯಿತು, ಕೈ ಬರಿದಾಯಿತು.

ಇದು ಹೇಗೆ? ಉತ್ತರ ಇರುವುದು ಬೇಡಿಕೆಯ ಸ್ಥಿತಿಸ್ಥಾಪಕತ್ವದಲ್ಲಿ. ಪದ ದೊಡ್ಡದು, ಅರ್ಥ ಸರಳ: ಬೆಲೆ ಬದಲಾದಾಗ ಕೊಳ್ಳುವ ಪ್ರಮಾಣ ಎಷ್ಟು ಬದಲಾಗುತ್ತದೆ ಎಂಬ ಅಳತೆ. ರೊಟ್ಟಿ-ಬ್ಯಾಳಿ ಉಣ್ಣುವ ಮನೆ, ಬೇಳೆ ಅಗ್ಗವಾಯಿತೆಂದು ಎರಡು ಪಟ್ಟು ಉಣ್ಣುವುದಿಲ್ಲ; ತುಟ್ಟಿಯಾಯಿತೆಂದು ಪೂರ್ತಿ ಬಿಡುವುದೂ ಇಲ್ಲ. ಹೀಗಾಗಿ ಹೆಚ್ಚುವರಿ ಮಾಲು ಖರ್ಚಾಗಬೇಕಾದರೆ ಬೆಲೆ ಬಹಳ ಕುಸಿಯಬೇಕಾಗುತ್ತದೆ. ಲೆಕ್ಕಕ್ಕೆಂದು ಹೀಗೆ ಊಹಿಸಬಹುದು: 9,000 ರೂಪಾಯಿಯಂತೆ 10 ಕ್ವಿಂಟಲ್ ಮಾರಿದರೆ ಬರುವುದು 90,000. ಎಲ್ಲರ ಬೆಳೆಯೂ ಹೆಚ್ಚಿ ದರ 5,000ಕ್ಕೆ ಇಳಿದರೆ, 15 ಕ್ವಿಂಟಲ್‌ಗೆ ಬರುವುದು 75,000 ಮಾತ್ರ.

ಇಲ್ಲಿ 'ಎಲ್ಲರ' ಎಂಬ ಮಾತೇ ಮುಖ್ಯ. ಒಬ್ಬ ರೈತ ಎಷ್ಟೇ ಬೆಳೆದರೂ ಮಾರುಕಟ್ಟೆಯ ದರ ಕದಲುವುದಿಲ್ಲ. ಪರಿಪೂರ್ಣ ಪೈಪೋಟಿಯ ಅಧ್ಯಾಯ ಹೇಳುವುದು ಇದನ್ನೇ: ಸಣ್ಣ ಮಾರಾಟಗಾರ ಬೆಲೆಯನ್ನು ಕಟ್ಟುವವನಲ್ಲ, ಒಪ್ಪಿಕೊಳ್ಳುವವನು. ಆದ್ದರಿಂದ ದರ ಚೆನ್ನಾಗಿದ್ದಾಗ ಇನ್ನೊಂದು ಎಕರೆ ಬಿತ್ತುವುದು ಅವನ ಮಟ್ಟಿಗೆ ಸರಿಯಾದ ನಿರ್ಧಾರವೇ. ಅದೇ ನಿರ್ಧಾರವನ್ನು ಲಕ್ಷಾಂತರ ಜನ ಒಟ್ಟಿಗೆ ಮಾಡಿದಾಗ ಎಲ್ಲರಿಗೂ ಪೆಟ್ಟು. ಮುಂದಿನ ವರ್ಷ ಎಲ್ಲರೂ ಹಿಂಜರಿದರೆ ಮತ್ತೆ ಕೊರತೆ, ಮತ್ತೆ ಏರಿಕೆ. ಈ ಸುತ್ತಾಟಕ್ಕೆ 1934ರಲ್ಲಿ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ ಕೊಟ್ಟ ಹೆಸರು ಜೇಡರ ಬಲೆಯ ಸಿದ್ಧಾಂತ. ನಕ್ಷೆಯಲ್ಲಿ ಬರೆದರೆ ಗೆರೆಗಳು ಬಲೆಯಂತೆಯೇ ಸುತ್ತುತ್ತವೆ. ಮಳೆ, ಆಮದು, ದಾಸ್ತಾನುಗಳು ಈ ಚಿತ್ರವನ್ನು ಆಗಾಗ ಕದಡುತ್ತವೆ ಎಂಬುದು ನಿಜ. ಆದರೂ ಬಿತ್ತುವಾಗ ಕಣ್ಣ ಮುಂದಿರುವುದು ಹೋದ ವರ್ಷದ ಬೆಲೆ, ಮಾರುವಾಗ ಸಿಗುವುದು ಈ ವರ್ಷದ ಬೆಲೆ ಎಂಬ ತೊಡಕು ಉಳಿದೇ ಇರುತ್ತದೆ.

ಇದೇ ಜಿಲ್ಲೆಯಲ್ಲಿ, ಹುಮನಾಬಾದ್ ಹಾದಿಯಲ್ಲಿರುವ ಕಮಲಾಪುರ ಇನ್ನೊಂದು ಅಧ್ಯಾಯಕ್ಕೆ ಉದಾಹರಣೆ. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ತೊಗರಿಯ ಒಂದು ಚೀಲಕ್ಕೂ ಇನ್ನೊಂದಕ್ಕೂ ಗ್ರಾಹಕ ಹೆಚ್ಚು ಭೇದ ಎಣಿಸುವುದಿಲ್ಲ. ಕೆಂಪು ಬಾಳೆಯನ್ನು ಕಣ್ಣಿನಲ್ಲೇ ಗುರುತಿಸುತ್ತಾನೆ. ಸರಕಿಗೆ ಸ್ವಂತ ಗುರುತಿದ್ದರೆ ಮಾರಾಟಗಾರನಿಗೆ ಬೆಲೆಯ ಮೇಲೆ ಕೊಂಚ ಹಿಡಿತ ಸಿಗುತ್ತದೆ ಎಂಬುದನ್ನು 1933ರಲ್ಲಿ ಎಡ್ವರ್ಡ್ ಚೇಂಬರ್ಲಿನ್ ವಿವರಿಸಿದ್ದರು. ಹಾಗಿದ್ದರೆ ಎಲ್ಲರೂ ಅದನ್ನೇ ಏಕೆ ಬೆಳೆಯುವುದಿಲ್ಲ? ಕೆಂಪು ಬಾಳೆಯ ಫಸಲು ಕೈಸೇರಲು ಸುಮಾರು ಒಂದೂವರೆ ವರ್ಷ ಬೇಕು. ಅಷ್ಟು ದಿನ ಅದೇ ನೆಲ, ಅದೇ ನೀರಿನಲ್ಲಿ ಬೇರೆ ಬೆಳೆ ತೆಗೆದಿದ್ದರೆ ಬರಬಹುದಾಗಿದ್ದ ಆದಾಯ ಕೈತಪ್ಪುತ್ತದೆ. ಇದೇ ಅವಕಾಶ ವೆಚ್ಚ. ಮನೆಯ ಖರ್ಚಿನ ಪುಸ್ತಕದಲ್ಲಿ ಇದನ್ನು ಯಾರೂ ಬರೆದಿಡುವುದಿಲ್ಲ, ಆದರೆ ಬೆಳೆ ಆಯುವ ರೈತ ಮನಸ್ಸಿನಲ್ಲೇ ಅದನ್ನು ಕೂಡಿ ಕಳೆಯುತ್ತಾನೆ. ಗುರುತಿನ ಮುದ್ರೆಯೊಂದೇ ಸಾಲದು, ಕಾಯುವಿಕೆಗೆ ತಕ್ಕ ಬೆಲೆ ಕೊಡುವ ಗ್ರಾಹಕನೂ ಬೇಕು.

ಸೂತ್ರಗಳನ್ನು ಬಾಯಿಪಾಠ ಮಾಡಿದವನು ಪರೀಕ್ಷೆಯಲ್ಲಿ ಪಾಸಾಗಬಹುದು. ಆದರೆ ಗಂಜ್‌ಗೆ ಬರುವ ರೈತನ ಮಕ್ಕಳಿಗೆ ಈ ವಿದ್ಯೆಯಿಂದ ಆಗಬೇಕಾದ ಉಪಕಾರ ಅಷ್ಟೇ ಅಲ್ಲ. ದರ ಏರಿದ ವರ್ಷ 'ಎಷ್ಟು ಬಿತ್ತೋಣ' ಎಂದು ಮನೆಯಲ್ಲಿ ಮಾತು ಬಂದಾಗ, 'ಉಳಿದವರೂ ಇದನ್ನೇ ಬಿತ್ತಿದರೆ?' ಎಂದು ಕೇಳುವ ಒಬ್ಬರಾದರೂ ಅಲ್ಲಿರಬೇಕು. ಆ ಒಂದು ಪ್ರಶ್ನೆ ಮನಸ್ಸಿನಲ್ಲಿ ನೆಲೆಯೂರಿದರೆ ಪತ್ರಿಕೆಯ ಅರ್ಧ ಭಾಗ ಅರ್ಥವಾದಂತೆ.