ಮೀಸೆ ಮೂಡದ ‘ಹಿರಿಯರು’, ಮುಚ್ಚಿದ ಬಾಗಿಲುಗಳು

ಬಿಳಿ ಅಂಗಿ, ಕತ್ತಿಗೆ ಟೈ, ಎದೆ ಮೇಲೆ ಕರೀ ಬಿಲ್ಲೆ. ತಲೆಗೂದಲು ನೀಟು, ಗಡ್ಡ ನುಣ್ಣಗೆ. ಒಬ್ಬನೇ ಎಲ್ಲೂ ಕಾಣಿಸೋದಿಲ್ಲ, ಯಾವಾಗಲೂ ಜೋಡಿ. ಬೆಂಗಳೂರಿಗೆ ಹೋಗಿ ಬರುವ ನಮ್ಮ ಓದುಗರಲ್ಲಿ ಕೆಲವರು ಇಂಥ ಜೋಡಿಗಳನ್ನು ಕಂಡಿರಬಹುದು. ಯಾವುದೋ ಕಂಪನಿ ಸೇಲ್ಸ್‌ಮನ್ ಇರಬೇಕು ಅಂದುಕೊಂಡು ಮುಂದೆ ನಡೆದಿರಬಹುದು. ಅವರು ಸೇಲ್ಸ್‌ಮನ್‌ಗಳಲ್ಲ, ಮಾರ್ಮನ್ ಪಂಥದ ಪ್ರಚಾರಕರು. ಸಂಬಳ ಇಲ್ಲದೆ, ಮನೆ ದುಡ್ಡು ಹಾಕಿಕೊಂಡು ಊರೂರು ತಿರುಗುವ ಹುಡುಗರು.

ಇವರ ಚರ್ಚಿನ ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಬಸ್ಸಿನ ಬೋರ್ಡಿನಲ್ಲಿ ಹಿಡಿಸೋದಿಲ್ಲ ಅಂತಲೋ ಏನೋ, ಜನ ಮಾರ್ಮನ್ ಅಂತಲೇ ಕರೀತಾರೆ. ಪೂರ್ತಿ ಹೆಸರೇ ಬಳಸಿ ಅಂತ 2018ರಲ್ಲಿ ಚರ್ಚಿನ ಮುಖ್ಯಸ್ಥರು ಹೇಳಿದರೂ ರೂಢಿ ಬಿಡಲಿಲ್ಲ. 1830ರಲ್ಲಿ ಜೋಸೆಫ್ ಸ್ಮಿತ್ ಎಂಬುವರು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟುಹಾಕಿದ ಪಂಥ ಇದು. ಕೇಂದ್ರ ಇರೋದು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಈಗ ಲೋಕದಾದ್ಯಂತ 70 ಸಾವಿರಕ್ಕೂ ಹೆಚ್ಚು ಪ್ರಚಾರಕರು ಈ ಚರ್ಚಿನ ಪರವಾಗಿ ಓಡಾಡುತ್ತಿದ್ದಾರೆ. ಬಹುಪಾಲು ನಮ್ಮ ಕಾಲೇಜು ಹುಡುಗರ ವಯಸ್ಸಿನವರೇ.

ಊರು ಆರಿಸೋ ಹಂಗಿಲ್ಲ

ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ ಸೇವೆ. ಹುಡುಗರು ಮೊದಲು 19 ತುಂಬಿದ ಮೇಲೆ ಹೊರಡುತ್ತಿದ್ದರು, 2012ರಲ್ಲಿ ಅದನ್ನು 18ಕ್ಕೆ ಇಳಿಸಿದರು. ಎಲ್ಲಿಗೆ ಹೋಗಬೇಕು ಅನ್ನೋದು ಹುಡುಗನ ಕೈಯಲ್ಲಿಲ್ಲ. ಅರ್ಜಿ ಹಾಕಬೇಕು, ಚರ್ಚಿನ ಹಿರಿಯರು ಊರು ಗೊತ್ತು ಮಾಡುತ್ತಾರೆ. ಜಪಾನ್ ಆಗಬಹುದು, ಬ್ರೆಜಿಲ್ ಆಗಬಹುದು, ಪಕ್ಕದ ರಾಜ್ಯವೂ ಆಗಬಹುದು. ಹಿಂದೆ ಟಪಾಲಿನಲ್ಲಿ ದಪ್ಪ ಬಿಳಿ ಲಕೋಟೆ ಬರುತ್ತಿತ್ತು. ಅದನ್ನು ಒಡೆಯೋಕೆ ನೆಂಟರಿಷ್ಟರೆಲ್ಲ ಮನೆಯಲ್ಲಿ ಸೇರುತ್ತಿದ್ದರು. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ನಮ್ಮ ಮನೆಗಳಲ್ಲಿ ಇರುತ್ತಲ್ಲ, ಅಂಥ ವಾತಾವರಣ. 2018ರಿಂದ ಆ ಕಾಗದವೂ ಕಂಪ್ಯೂಟರಿಗೇ ಬರೋಕೆ ಶುರುವಾಯಿತು.

ಆಮೇಲೆ ತರಬೇತಿ. ಯೂಟಾದ ಪ್ರೋವೊ ಊರಲ್ಲಿ ಇದಕ್ಕೇ ಒಂದು ದೊಡ್ಡ ಕೇಂದ್ರ ಇದೆ. 50ಕ್ಕೂ ಹೆಚ್ಚು ಭಾಷೆ ಕಲಿಸುತ್ತಾರೆ. ಕೆಲವೇ ವಾರ ಪಾಠ, ನಂತರ ವಿಮಾನ. ಮುಂದಿನದು ಬೀದಿಯಲ್ಲೇ ಕಲಿಯಬೇಕು. ತಪ್ಪು ಮಾತಾಡಿ, ಜನ ನಕ್ಕು, ಮತ್ತೆ ಮಾತಾಡಿ.

ಖರ್ಚು? ಇದು ಅಂಗಡಿ ಇಟ್ಟವರು ಗಮನಿಸೋ ವಿಷಯ. ದುಡ್ಡು ಹಾಕೋದು ಹುಡುಗ ಮತ್ತು ಅವನ ಮನೆಯವರು. ಒಂದು ಕಾಲದಲ್ಲಿ ಹೋದ ಊರಿನ ಖರ್ಚು ಎಷ್ಟೋ ಅಷ್ಟು ಕಟ್ಟಬೇಕಿತ್ತು. ಅಗ್ಗದ ಊರಿಗೆ ಹೋದವನು ಬಚಾವ್, ದುಬಾರಿ ಊರಿಗೆ ಹೋದವನ ಅಪ್ಪ ಸಾಲಗಾರ. 1991ರಿಂದ ಎಲ್ಲಿಗೆ ಹೋದರೂ ಒಂದೇ ದರ ಮಾಡಿದರು. 2020ರ ಜುಲೈನಲ್ಲಿ ಅಮೆರಿಕದವರಿಗೆ ತಿಂಗಳಿಗೆ 400 ಡಾಲರ್ ಇದ್ದದ್ದು 500 ಆಯಿತು. ಆ ಲೆಕ್ಕದಲ್ಲಿ ಎರಡು ವರ್ಷಕ್ಕೆ 12 ಸಾವಿರ ಡಾಲರ್. ನಮ್ಮ ರೂಪಾಯಿಯಲ್ಲಿ ಹತ್ತು ಲಕ್ಷ ದಾಟುತ್ತೆ. ಬಡ ದೇಶದ ಹುಡುಗರಿಗೆ ಚರ್ಚಿನ ನಿಧಿಯಿಂದ ನೆರವು ಉಂಟು.

ಬೆಳಗ್ಗೆ ಆರೂವರೆಗೆ ಏಳು

ಇನ್ನು ಕಟ್ಟುಪಾಡು. ಬೆಳಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು ಅನ್ನೋದು ಹಳೇ ನಿಯಮ. 2017ರಿಂದ ದೇಶಕ್ಕೆ ತಕ್ಕ ಹಾಗೆ ಸ್ವಲ್ಪ ಹಿಂದೆ ಮುಂದೆ ಮಾಡಿಕೊಳ್ಳಬಹುದು. ಸಿನಿಮಾ ಇಲ್ಲ, ಟೀವಿ ಇಲ್ಲ, ಪ್ರೇಮ ಗೀಮ ಇಲ್ಲ, ಈಜೋ ಹಂಗೂ ಇಲ್ಲ. ಜೊತೆಗಾರನನ್ನು ಬಿಟ್ಟು ಅತ್ತಿತ್ತ ಹೋಗುವಂತಿಲ್ಲ. ಆ ಜೊತೆಗಾರ ಯಾರು ಅಂತಲೂ ಮೇಲಿನವರೇ ಗೊತ್ತು ಮಾಡೋದು. ಇಷ್ಟವಿರಲಿ ಬಿಡಲಿ, ತಿಂಗಳುಗಟ್ಟಲೆ ಅವನ ಜೊತೆಯೇ ಊಟ, ನಿದ್ದೆ, ಪ್ರಾರ್ಥನೆ. ಹೆಸರು ಹಿಡಿದು ಕರೆಯೋ ಹಂಗಿಲ್ಲ. ಹುಡುಗರಿಗೆ ‘ಎಲ್ಡರ್’, ಹುಡುಗಿಯರಿಗೆ ‘ಸಿಸ್ಟರ್’, ಆಮೇಲೆ ಮನೆತನದ ಹೆಸರು. ಎಲ್ಡರ್ ಅಂದ್ರೆ ಹಿರಿಯ. ಮೀಸೆ ಸರಿಯಾಗಿ ಮೂಡದ ಹುಡುಗ ಹಿರಿಯ!

ಎಲ್ಲಕ್ಕಿಂತ ಕಷ್ಟದ್ದು ನಮ್ಮವರಿಗೆ ಯಾವುದು ಗೊತ್ತಾ? ಕಾಫಿ ಇಲ್ಲ, ಟೀ ಇಲ್ಲ. ಬೀಡಿ, ಸಿಗರೇಟು, ಹೆಂಡ ಮೊದಲೇ ಇಲ್ಲ. ಇದು ಪ್ರಚಾರಕರಿಗೆ ಮಾತ್ರ ಅಲ್ಲ, ಪಂಥದವರೆಲ್ಲರಿಗೂ. ಟೀ ಕೊಡೋದೇ ಮರ್ಯಾದೆ ಅನ್ನೋ ದೇಶಗಳಲ್ಲಿ, ಮನೆ ಯಜಮಾನಿ ಪ್ರೀತಿಯಿಂದ ಕಪ್ಪು ಮುಂದಿಟ್ಟಾಗ ಈ ಹುಡುಗರ ಪಾಡು ನೀವೇ ಊಹಿಸಿ.

ವಾರದಲ್ಲಿ ಒಂದು ದಿನ ಬಟ್ಟೆ ಒಗೆಯೋಕೆ, ಸಾಮಾನು ತರೋಕೆ, ಮನೆಗೆ ಪತ್ರ ಬರೆಯೋಕೆ ಬಿಡುವು. ಮನೆಗೆ ಫೋನು ಬಹಳ ವರ್ಷ ವರ್ಷಕ್ಕೆ ಎರಡೇ ಸಲ ಇತ್ತು: ಕ್ರಿಸ್‌ಮಸ್‌ಗೆ ಒಂದು, ತಾಯಂದಿರ ದಿನಕ್ಕೆ ಒಂದು. 2019ರ ಫೆಬ್ರವರಿಯಲ್ಲಿ ವಾರಕ್ಕೊಮ್ಮೆ ಮಾತಾಡಲು ಒಪ್ಪಿಗೆ ಸಿಕ್ಕಿತು. ಎಷ್ಟು ಅಮ್ಮಂದಿರು ಆ ದಿನ ಕಣ್ಣೊರೆಸಿಕೊಂಡರೋ, ಲೆಕ್ಕ ಇಟ್ಟವರಿಲ್ಲ.

ಸತ್ತನೆಂದು ಬರೆದಿದ್ದರು

ಈ ದಾರಿಯಲ್ಲಿ ನಡೆದವರ ಪೈಕಿ ಲೋಕಕ್ಕೆಲ್ಲ ಗೊತ್ತಿರುವ ಹೆಸರು ಮಿಟ್ ರಾಮ್ನಿ. 2012ರಲ್ಲಿ ಒಬಾಮಾ ಎದುರು ಅಮೆರಿಕದ ಅಧ್ಯಕ್ಷಗಿರಿಗೆ ನಿಂತು ಸೋತವರು. ಅಪ್ಪ ಮಿಷಿಗನ್ ರಾಜ್ಯದ ಗವರ್ನರ್. ಅಂಥ ಮನೆಯ ಹುಡುಗ 1966ರಲ್ಲಿ, 19ರ ವಯಸ್ಸಿಗೆ, ಫ್ರಾನ್ಸಿನಲ್ಲಿ ಬಾಗಿಲು ತಟ್ಟುತ್ತಾ ನಿಂತ. ವೈನ್ ನೀರಿನಂತೆ ಕುಡಿಯೋ ದೇಶದಲ್ಲಿ ವೈನ್ ಬಿಡಿ ಅಂತ ಹೇಳೋ ಕೆಲಸ! ಮುಖದ ಮೇಲೆ ಮುಚ್ಚಿದ ಬಾಗಿಲೇ ಹೆಚ್ಚು. ಆಗ ಅಲ್ಲಿ ಸೇವೆ ಎರಡೂವರೆ ವರ್ಷ. ಅಷ್ಟು ದಿನದಲ್ಲಿ ಅವರ ಮಾತಿಗೆ ಒಲಿದವರು ಹತ್ತಿಪ್ಪತ್ತು ಮಂದಿ ಅಂತ ಲೆಕ್ಕ.

1968ರ ಜೂನ್‌ನಲ್ಲಿ ರಾಮ್ನಿ ಓಡಿಸುತ್ತಿದ್ದ ಕಾರಿಗೆ ಎದುರಿನಿಂದ ಬಂದ ಕಾರು ಅಪ್ಪಳಿಸಿತು. ತಪ್ಪು ಇವರದಲ್ಲ. ಆದರೆ ಕಾರಿನಲ್ಲಿದ್ದ, ಆ ಕ್ಷೇತ್ರದ ಮುಖ್ಯಸ್ಥರ ಹೆಂಡತಿ ತೀರಿಕೊಂಡರು. ರಾಮ್ನಿ ಕೂಡ ಸತ್ತ ಅಂತಲೇ ಪೊಲೀಸರು ಬರೆದುಕೊಂಡಿದ್ದರು. ಬದುಕಿ ಎದ್ದ ಹುಡುಗ ಊರಿಗೆ ಓಡಲಿಲ್ಲ. ಮುಖ್ಯಸ್ಥರು ಗಾಯಗೊಂಡಿದ್ದರಿಂದ ಕ್ಷೇತ್ರದ ಉಸ್ತುವಾರಿಗೂ ಹೆಗಲು ಕೊಟ್ಟು, ಆ ವರ್ಷದ ಕೊನೆಗೆ ಮನೆ ಸೇರಿದರು. ಊರಲ್ಲಿ ಬಿಟ್ಟು ಬಂದ ಹುಡುಗಿಯ ಮನಸ್ಸು ಬೇರೆ ಕಡೆ ವಾಲಿದ ಪತ್ರವೂ ಅಷ್ಟರಲ್ಲಿ ಬಂದಿತ್ತು. ಪುಣ್ಯಕ್ಕೆ ಕಥೆ ಸುಖಾಂತ್ಯ, 1969ರಲ್ಲಿ ಆಕೆಯೇ ಹೆಂಡತಿಯಾದರು. ಎಲ್ಲರಿಗೂ ಆ ಅದೃಷ್ಟ ಇರೋದಿಲ್ಲ.

ಇದಕ್ಕಿಂತ ಘೋರವೂ ಆಗಿದೆ. 1989ರ ಮೇ ತಿಂಗಳಲ್ಲಿ ಬೊಲಿವಿಯಾದ ಲಾ ಪಾಸ್ ನಗರದಲ್ಲಿ ಇಬ್ಬರು ಅಮೆರಿಕನ್ ಪ್ರಚಾರಕ ಹುಡುಗರನ್ನು ಉಗ್ರರು ಗುಂಡಿಟ್ಟು ಕೊಂದರು. 2016ರ ಮಾರ್ಚ್‌ನಲ್ಲಿ ಬ್ರಸೆಲ್ಸ್ ವಿಮಾನ ನಿಲ್ದಾಣದ ಬಾಂಬಿನಲ್ಲಿ ನಾಲ್ವರು ಗಾಯಗೊಂಡರು. 2020ರಲ್ಲಿ ಕೊರೊನಾ ಬಂದಾಗ ಸಾವಿರಾರು ಹುಡುಗರನ್ನು ಅರ್ಧದಲ್ಲೇ ಮನೆಗೆ ಕರೆಸಿಕೊಂಡರು. ಫಿಲಿಪೀನ್ಸ್‌ಗೆ ವಿಶೇಷ ವಿಮಾನಗಳನ್ನೇ ಕಳಿಸಬೇಕಾಯಿತು.

ಬೀದಿಯಲ್ಲಿ ಬರುವ ಪ್ರಶ್ನೆ

ಬಾಗಿಲು ತೆರೆದವರೂ ಸುಮ್ಮನೆ ಬಿಡೋದಿಲ್ಲ. ನಿಮ್ಮಲ್ಲಿ ಎಷ್ಟು ಹೆಂಡಿರು ಅಂತ ಕೇಳುತ್ತಾರೆ. ಬಹುಪತ್ನಿತ್ವವನ್ನು ಚರ್ಚು 1890ರಲ್ಲೇ ಬಿಟ್ಟಿದ್ದಾಗಿ ಸಾರಿತು, ಪ್ರಶ್ನೆ ಮಾತ್ರ ಬಿಟ್ಟಿಲ್ಲ. ಇನ್ನೊಂದು ಪ್ರಶ್ನೆ ಇದಕ್ಕಿಂತ ಚೂಪು. ಕಪ್ಪು ಜನರಿಗೆ ಈ ಚರ್ಚಿನಲ್ಲಿ ಪೌರೋಹಿತ್ಯ ಸಿಕ್ಕಿದ್ದು 1978ರ ಜೂನ್‌ನಲ್ಲಿ. ಅದಕ್ಕೂ ಮುಂಚೆ ಬ್ರೆಜಿಲ್‌ನಂಥ ಎಲ್ಲ ಬಣ್ಣದವರೂ ಬೆರೆತ ದೇಶದಲ್ಲಿ ಬಾಗಿಲು ತಟ್ಟಿದ ಹುಡುಗ, ಎಲ್ಲರೂ ದೇವರ ಮಕ್ಕಳು ಅಂತ ಯಾವ ಮುಖ ಇಟ್ಟುಕೊಂಡು ಹೇಳಬೇಕಿತ್ತು? ನಿಯಮ ಮಾಡಿದವರು ಸಾಲ್ಟ್ ಲೇಕ್‌ನಲ್ಲಿ, ಉತ್ತರ ಕೊಡಬೇಕಾದವನು ಬೀದಿಯಲ್ಲಿ. ಇದು ಎಲ್ಲ ಧರ್ಮ, ಎಲ್ಲ ಪಕ್ಷದ ಕಥೆಯೂ ಹೌದು ಬಿಡಿ.

ಅವಧಿ ಮುಗಿಯೋ ಮೊದಲೇ ಮನೆಗೆ ಬಂದವನ ಸಂಕಟ ಬೇರೆ. ಕಾಯಿಲೆಯಾಗಲಿ, ಮನಸ್ಸು ಕುಗ್ಗಿದ್ದಾಗಲಿ, ಊರವರ ಕಣ್ಣು ಕೇಳೋದು ಒಂದೇ: ಯಾಕಪ್ಪಾ ಬೇಗ ಬಂದೆ? ಹಾಸ್ಟೆಲ್ ಬಿಟ್ಟು ಬಂದ ಹುಡುಗನನ್ನು ನಮ್ಮ ಬೀದಿಯವರು ನೋಡೋ ನೋಟವೇ ಅದು.

ನಮ್ಮ ನೆಲದ ನಂಟು

ಭಾರತಕ್ಕೆ ಇವರು ಹೊಸಬರಲ್ಲ. 1853ರಲ್ಲೇ ಒಂದು ತಂಡ ಹಡಗಿನಲ್ಲಿ ಕಲ್ಕತ್ತಾಕ್ಕೆ ಬಂದಿಳಿದಿತ್ತು. ಕೆಲವರು ಮದರಾಸಿಗೂ ಹೋದರು. ಕೈಗೆ ಹತ್ತಿದ್ದು ಅಷ್ಟಕ್ಕಷ್ಟೆ, ವಾಪಸು ಹೋದರು. ಬೆಂಗಳೂರನ್ನು ಕೇಂದ್ರ ಮಾಡಿಕೊಂಡು ಪ್ರತ್ಯೇಕ ಪ್ರಚಾರ ಕ್ಷೇತ್ರ ಶುರುವಾಗಿದ್ದು 1993ರಲ್ಲಿ. ದೇಶದಲ್ಲೇ ಇವರ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಸಾರಿದರು. 2020ರ ಡಿಸೆಂಬರ್‌ನಲ್ಲಿ ಗುದ್ದಲಿಪೂಜೆಯಂಥ ಶಾಸ್ತ್ರವೂ ಆಯಿತು. ಕರೀ ಬಿಲ್ಲೆ ಹಾಕಿದವರೆಲ್ಲ ಪರದೇಶದವರು ಅಂದುಕೊಳ್ಳಬೇಡಿ. ನಮ್ಮ ದೇಶದ ಹುಡುಗ ಹುಡುಗಿಯರೂ ಈ ಸೇವೆ ಮಾಡುತ್ತಾರೆ.

ಮತಾಂತರ ಅಂದರೆ ನಮ್ಮಲ್ಲಿ ಮಾತು ಬಿಸಿಯಾಗುತ್ತೆ. ಒಪ್ಪೋದು, ಒಪ್ಪದಿರೋದು ಅವರವರಿಗೆ ಬಿಟ್ಟದ್ದು. ಆ ಜಗಳಕ್ಕೆ ಈ ಅಂಕಣ ಕೈ ಹಾಕೋದಿಲ್ಲ. ಇಲ್ಲಿ ಹೇಳೋದು ಆ ವಯಸ್ಸಿನ ಬಗ್ಗೆ ಮಾತ್ರ. ಹದಿನೆಂಟಕ್ಕೆ ಮನೆ ಬಿಟ್ಟು, ಭಾಷೆ ಬಾರದ ಊರಲ್ಲಿ ದಿನಕ್ಕೆ ಹತ್ತಾರು ಸಲ ‘ಬೇಡ’ ಅನ್ನಿಸಿಕೊಂಡು, ಮರುದಿನ ಮತ್ತೆ ಅಂಗಿಗೆ ಇಸ್ತ್ರಿ ಹಾಕೋದು ಸುಲಭವಲ್ಲ. ಗಿರಾಕಿ ಬೆನ್ನು ತಿರುಗಿಸಿ ಹೋದಾಗಿನ ಹೊಟ್ಟೆಯ ಸಂಕಟ ಅಂಗಡಿಯವರಿಗೆ ಗೊತ್ತು. ಇವರಿಗೆ ಗಲ್ಲಾಪೆಟ್ಟಿಗೆಯೂ ಇಲ್ಲ.

ಹಾಗಾಗಿ ಮುಂದೆ ಇಂಥ ಜೋಡಿ ನಿಮ್ಮ ಬಾಗಿಲಿಗೆ ಬಂದರೆ, ಬೇಡ ಅನ್ನೋದಿದ್ದರೆ ಧಾರಾಳವಾಗಿ ಬೇಡ ಅನ್ನಿ. ಬಿಸಿಲಲ್ಲಿ ಬಂದಿರುತ್ತವೆ, ಒಂದು ಲೋಟ ನೀರು ಕೊಟ್ಟು ಅನ್ನಿ. ಕಾಫಿ ಮಾತ್ರ ಕೊಡಬೇಡಿ ಸ್ವಾಮಿ, ಹುಡುಗರು ಸಂಕಟಕ್ಕೆ ಬೀಳುತ್ತವೆ.