ಒಂದು ಹಳೆಯ ವಿಡಿಯೋ ಗೇಮ್, ಹದಿನಾಲ್ಕು ಮನೆ, ಹದಿಮೂರು ವಾರ



ಕಳೆದ ಚಳಿಗಾಲದಲ್ಲಿ ನಮ್ಮ ಕೂಟದ ಹದಿನಾಲ್ಕು ಮಂದಿ ತಂತಮ್ಮ ಮನೆಯಲ್ಲೇ ಕೂತು, ಒಂದು ಹಳೆಯ ವಿಡಿಯೋ ಗೇಮನ್ನು ಜೊತೆಜೊತೆಯಾಗಿ ಆಡಿ ಮುಗಿಸಿದ ಸುದ್ದಿ ಹಲವರಿಗೆ ತಲುಪಿದೆ. ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಾಗ ಎಲ್ಲರದೂ ಒಂದೇ ಪ್ರಶ್ನೆ: "ಒಬ್ಬರು ಆಡೋ ಗೇಮನ್ನ ಹದಿನಾಲ್ಕು ಜನ ಹೇಗ್ರೀ ಆಡ್ತೀರಿ?" ಒಬ್ಬೊಬ್ಬರಿಗೂ ಹೇಳುವಷ್ಟರಲ್ಲಿ ಹೋಳಿಗೆ ಖಾಲಿಯಾಗುತ್ತಿತ್ತು. ಆದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ. ಬೇರೆ ಊರುಗಳ ಕನ್ನಡ ಕೂಟಗಳಿಗೂ ಉಪಯೋಗಕ್ಕೆ ಬಂದರೆ ಸಂತೋಷ.

ಗುಂಪಾಗಿ ಆಡುವುದರಲ್ಲಿ ಎರಡು ಬಗೆ ಇದೆ. ಒಂದು, ಎಲ್ಲರೂ ಸೇರಿ ಒಂದೇ ಆಟವನ್ನು ನಡೆಸುವುದು. 2014ರ ಫೆಬ್ರವರಿಯಲ್ಲಿ ಟ್ವಿಚ್ ಜಾಲತಾಣದಲ್ಲಿ 'ಪೊಕೆಮಾನ್ ರೆಡ್' ಆಟವನ್ನು ಹೀಗೆಯೇ ಆಡಿದರು. ನೋಡುತ್ತಿದ್ದವರು ಟೈಪ್ ಮಾಡಿದ 'ಮೇಲೆ', 'ಕೆಳಗೆ' ಎಂಬ ಆಜ್ಞೆಗಳೇ ಆಟವನ್ನು ನಡೆಸುತ್ತಿದ್ದವು. ಹತ್ತು ಲಕ್ಷಕ್ಕೂ ಹೆಚ್ಚು ಜನ ಕೈ ಹಾಕಿದರು, ಹದಿನಾರು ದಿನ ಹಗಲು ರಾತ್ರಿ ಎಳೆದಾಡಿ ಕೊನೆಗೂ ಮುಗಿಸಿದರು! ನಾವು ಮಾಡಿದ್ದು ಎರಡನೆಯ ಬಗೆ. ಪ್ರತಿಯೊಬ್ಬರೂ ತಮ್ಮದೇ ಕಂಪ್ಯೂಟರಿನಲ್ಲಿ ಅದೇ ಆಟವನ್ನು ಆಡುತ್ತಾರೆ, ವಾರಕ್ಕೆ ಇಷ್ಟೇ ಎಂದು ಗೊತ್ತುಮಾಡಿಕೊಂಡು ಭಾನುವಾರ ವಿಡಿಯೋ ಕರೆಯಲ್ಲಿ ಸೇರುತ್ತಾರೆ. ಪುಸ್ತಕ ಓದುವ ಬಳಗ ಇದ್ದ ಹಾಗೆ ಅನ್ನಿ.

ಮೊದಲ ಪ್ರಯತ್ನ ಮಕಾಡೆ ಮಲಗಿತ್ತು. ಅದನ್ನೂ ಹೇಳಲೇಬೇಕು. ಆಗ ಆರಿಸಿದ್ದು 1986ರ 'ಲೆಜೆಂಡ್ ಆಫ್ ಜೆಲ್ಡಾ'. ಆಟದಲ್ಲಿ ದೋಷವಿರಲಿಲ್ಲ. ಆದರೆ ಇಬ್ಬರು ಹುಡುಗರು ನಾಲ್ಕೇ ದಿನಕ್ಕೆ ಆಡಿ ಮುಗಿಸಿ ಎಲ್ಲ ಗುಟ್ಟನ್ನೂ ಗುಂಪಿನಲ್ಲಿ ಸುರಿದುಬಿಟ್ಟರು. ಉಳಿದವರಿಗೆ ಆಡುವುದಕ್ಕೆ ಏನೂ ಉಳಿಯಲಿಲ್ಲ. ಯಾರೂ ಜಗಳವಾಡಲಿಲ್ಲ, ಸುಮ್ಮನೆ ಒಬ್ಬೊಬ್ಬರಾಗಿ ಮಾಯವಾದರು. ನಮ್ಮ ಕೂಟದ ಎಷ್ಟೋ ಚಟುವಟಿಕೆಗಳು ಹೀಗೇ ಸದ್ದಿಲ್ಲದೆ ನಿಂತಿವೆಯಲ್ಲವೆ!

ಎರಡನೆಯ ಸಲ ಕೂತು ಯೋಚನೆ ಮಾಡಿದೆವು. ಆಡಬೇಕಾದ ಆಟ ಚಿಕ್ಕದಿರಬೇಕು, ಹಂತಹಂತವಾಗಿ ಕತ್ತರಿಸಿ ಹಂಚುವಂತಿರಬೇಕು, ಹಿರಿಯರಿಗೆ ಹಳೆಯ ನೆನಪಿರಬೇಕು, ಮಕ್ಕಳಿಗೆ ಹೊಸತಾಗಿರಬೇಕು. ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಹೆಸರು, 'ಪ್ರಿನ್ಸ್ ಆಫ್ ಪರ್ಷಿಯಾ'. ಜೋರ್ಡಾನ್ ಮೆಕ್ನರ್ ಎಂಬ ಅಮೆರಿಕನ್ ತರುಣ 1989ರಲ್ಲಿ ಆಪಲ್ 2 ಕಂಪ್ಯೂಟರಿಗೆಂದು ಬರೆದ ಆಟ ಇದು. ಮರುವರ್ಷವೇ ಡಾಸ್‌ಗೂ ಬಂತು. ಊರಿನಲ್ಲಿ 1990ರ ದಶಕದಲ್ಲಿ ಓದಿದವರಿಗೆ ನೆನಪಿರಬಹುದು: ಶಾಲೆಯ ಕಂಪ್ಯೂಟರ್ ಕೋಣೆ, ಹೊರಗೆ ಬಿಟ್ಟ ಚಪ್ಪಲಿಗಳ ರಾಶಿ, ಒಳಗೆ ಎ.ಸಿ. ತಂಪು, ಮೇಷ್ಟ್ರು ಅತ್ತ ಹೋದ ಕೂಡಲೇ ಕಪ್ಪು ಪರದೆಯ ಮೇಲೆ ಟೈಪ್ ಮಾಡುತ್ತಿದ್ದ 'ಪ್ರಿನ್ಸ್' ಎಂಬ ಒಂದು ಪದ. (ಅದರ ಮುಂದೆ 'ಮೆಗಾಹಿಟ್' ಎಂದು ಸೇರಿಸಿದರೆ ಏನಾಗುತ್ತಿತ್ತು ಎಂದು ಗೊತ್ತಿದ್ದವರು ಈಗಲೂ ಮುಗುಳ್ನಗುತ್ತಾರೆ. ನಮ್ಮ ಆಟದಲ್ಲಿ ಆ ಕಳ್ಳದಾರಿ ನಿಷಿದ್ಧವಾಗಿತ್ತು!)

ಆಟದಲ್ಲಿ ಹನ್ನೆರಡು ಹಂತ. ಸೆರೆಮನೆಯಿಂದ ತಪ್ಪಿಸಿಕೊಂಡು, ಬಾಯ್ತೆರೆದ ಗುಂಡಿ, ನೆಲದಿಂದ ಏಳುವ ಮುಳ್ಳು, ಕತ್ತಿ ಹಿಡಿದ ಕಾವಲುಗಾರರನ್ನು ದಾಟಿ ರಾಜಕುಮಾರಿಯನ್ನು ಬಿಡಿಸಬೇಕು. ಅದೂ ಅರವತ್ತು ನಿಮಿಷದೊಳಗೆ. ಎಷ್ಟು ಸಲ ಸತ್ತರೂ ಚಿಂತೆಯಿಲ್ಲ, ಹಂತದ ಆರಂಭದಿಂದ ಮತ್ತೆ ಶುರು. ಆದರೆ ಗಡಿಯಾರ ಮಾತ್ರ ಹಿಂದಕ್ಕೆ ತಿರುಗದು. ಈ ಅರವತ್ತು ನಿಮಿಷವೇ ಮುಂದೆ ನಮ್ಮ ಗುಂಪನ್ನು ಉಳಿಸಿತು. ಆ ಕಥೆ ಆಮೇಲೆ.

ಹಳೆಯ ಆಟಗಳನ್ನು ಸಂಪಾದಿಸುವುದೇ ಒಂದು ತಲೆನೋವು. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಅಂಗಡಿಯಲ್ಲಿ ಸಿಗುವುದಿಲ್ಲ ಎಂದು 2023ರಲ್ಲಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಲೆಕ್ಕ ಕೊಟ್ಟಿತು. ಇಂಟರ್ನೆಟ್ ಆರ್ಕೈವ್ ಸಂಸ್ಥೆ 2015ರ ಜನವರಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡುವಂತೆ ಇಟ್ಟಿತು, ಅದರಲ್ಲಿ ನಮ್ಮ ರಾಜಕುಮಾರನೂ ಇದ್ದ. ಆದರೆ ಅಲ್ಲಿ ಇಟ್ಟಿದ್ದಾರೆ ಎಂದ ಮಾತ್ರಕ್ಕೆ ಹಕ್ಕುಸ್ವಾಮ್ಯ ಮುಗಿದಿದೆ ಎಂದಲ್ಲ, ಇದು ನೆನಪಿರಲಿ. ಇನ್ನೊಂದು ಎಚ್ಚರಿಕೆ: ಬ್ರೌಸರಿನಲ್ಲಿ ಆಡುವಾಗ ಕಿಟಕಿ ಮುಚ್ಚಿದರೆ ಸೇವ್ ಮಾಡಿದ್ದೂ ಅಳಿಸಿಹೋಗುವ ಸಂಭವವಿದೆ. ನಮ್ಮಲ್ಲಿ ಒಬ್ಬ ಹುಡುಗ ಏಳನೆಯ ಹಂತದವರೆಗೆ ಬಂದು ಹೀಗೆ ಎಲ್ಲವನ್ನೂ ಕಳೆದುಕೊಂಡ. ಆದ್ದರಿಂದ ಮೊದಲ ಭಾನುವಾರವನ್ನು ಆಟಕ್ಕೆ ಇಡಬೇಡಿ. ಎಲ್ಲರ ಯಂತ್ರದಲ್ಲೂ ಆಟ ಓಡುತ್ತಿದೆಯೇ, ಯಾವ ಕೀಲಿಗೆ ಏನಾಗುತ್ತದೆ, ಸೇವ್ ಆದದ್ದು ಮತ್ತೆ ತೆರೆದುಕೊಳ್ಳುತ್ತದೆಯೇ, ಇಷ್ಟನ್ನೇ ನೋಡಿ.

ಮೂಲ ಡಾಸ್ ಆವೃತ್ತಿಯಲ್ಲಿ ಮೊದಲ ಹಂತ ಮುಗಿದ ಮೇಲೆ ಒಂದು ವಿಚಿತ್ರ ಕೋಣೆ ಬರುತ್ತದೆ. ಅಲ್ಲಿ ಅಕ್ಷರಗಳ ಕೆಳಗೆ ಬಾಟಲಿಗಳು. ಕೈಪಿಡಿಯ ಇಷ್ಟನೇ ಪುಟ, ಇಷ್ಟನೇ ಸಾಲು, ಇಷ್ಟನೇ ಪದದ ಮೊದಲಕ್ಷರ ಯಾವುದೋ ಆ ಬಾಟಲಿಯನ್ನೇ ಕುಡಿಯಬೇಕು. ನಕಲು ಮಾಡಿದವರನ್ನು ಹಿಡಿಯುವ ಉಪಾಯ ಅದು. ಬರೀ ಫ್ಲಾಪಿ ಸಿಕ್ಕಿ ಕೈಪಿಡಿ ಸಿಗದ ಹುಡುಗರು ಆಗ ಅಲ್ಲಿಯೇ ನಿಲ್ಲಬೇಕಾಗಿತ್ತು. ನಿಮ್ಮ ಬಳಿ ಇರುವ ಪ್ರತಿ ಇದನ್ನು ಕೇಳುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಇನ್ನು ಸಮಯ. ನಮ್ಮ ಗುಂಪಿನಲ್ಲಿ ಅಮೆರಿಕದ ಪೂರ್ವ ತೀರದವರೇ ಹೆಚ್ಚು. ಜೊತೆಗೆ ಇಲ್ಲಿಂದ ಲಂಡನ್ನಿಗೆ ಹೋದ ಒಂದು ಸಂಸಾರ, ಶಿವಮೊಗ್ಗ ಮತ್ತು ಹುಬ್ಬಳ್ಳಿಯಿಂದ ಒಬ್ಬೊಬ್ಬರು. ಭಾನುವಾರ ಬೆಳಿಗ್ಗೆ ಹತ್ತು ಎಂದು ಇಟ್ಟೆವು, ಆಗ ಊರಿನಲ್ಲಿ ಸಂಜೆ ಏಳೂವರೆ. ಆದರೆ ಬ್ರಿಟನ್ನಿನವರು ಗಡಿಯಾರ ಹಿಂದಕ್ಕೆ ತಿರುಗಿಸುವುದು ಅಕ್ಟೋಬರಿನ ಕೊನೆಯ ಭಾನುವಾರ, ಅಮೆರಿಕದವರು ತಿರುಗಿಸುವುದು ನವೆಂಬರಿನ ಮೊದಲ ಭಾನುವಾರ. ನಡುವಿನ ಆ ಒಂದು ವಾರ ನಮಗೂ ಲಂಡನ್ನಿಗೂ ಐದರ ಬದಲು ನಾಲ್ಕೇ ಗಂಟೆ ಅಂತರ. ಪಾಪ, ಆ ಸಂಸಾರ ಎಂದಿನಂತೆ ಮೂರು ಗಂಟೆಗೆ ಬಂದಾಗ ನಾವೆಲ್ಲ ಕೈ ಬೀಸಿ ಹೊರಟಿದ್ದೆವು. ಮರುವಾರ ಊರಿನವರ ಸರದಿ, ಅವರಿಗೆ ಏಳೂವರೆ ಹೋಗಿ ಎಂಟೂವರೆ ಆಯಿತು. ಪ್ರತಿ ಶನಿವಾರ ಎಲ್ಲ ಊರುಗಳ ಸಮಯವನ್ನೂ ಬರೆದು ಕಳಿಸುವ ಪದ್ಧತಿ ಆಮೇಲೆ ಶುರುವಾಯಿತು.

ಮುಖ್ಯವಾದ ನಿಯಮ ಸುಳಿವಿನದು. ಹಳೆಯ ಆಟಗಳು ಇಷ್ಟೊಂದು ಗುಟ್ಟು ಇಟ್ಟುಕೊಂಡದ್ದು ಒಬ್ಬನೇ ಕೂತು ಬಿಡಿಸಲಿ ಎಂದಲ್ಲ. ಜಪಾನಿನಲ್ಲಿ 1984ರಲ್ಲಿ ನಾಮ್ಕೊ ಕಂಪನಿ 'ಟವರ್ ಆಫ್ ಡ್ರುವಾಗಾ' ಎಂಬ ಆಟವನ್ನು ತಂದಿತು. ಅರವತ್ತು ಅಂತಸ್ತಿನ ಗೋಪುರ. ಅಂತಸ್ತುಗಳಲ್ಲಿ ಅಡಗಿದ ಪೆಟ್ಟಿಗೆಗಳನ್ನು ಹೊರತರಲು ಏನು ಮಾಡಬೇಕು ಎಂದು ಆಟ ಹೇಳುತ್ತಲೇ ಇರಲಿಲ್ಲ. ಆಟದಂಗಡಿಗಳಲ್ಲಿ ಒಂದು ನೋಟ್ ಪುಸ್ತಕ ಇರುತ್ತಿತ್ತು. ಕಂಡುಹಿಡಿದವರು ಅದರಲ್ಲಿ ಬರೆಯುತ್ತಿದ್ದರು, ಮುಂದೆ ಬಂದವರು ಓದಿ ಆಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡದವರೂ ಸೇರಿ ಗೋಪುರ ಹತ್ತಿದರು. ನಮ್ಮ ಬೀದಿಗಳಲ್ಲೂ ನಡೆದದ್ದು ಅದೇ ತಾನೇ? ಪಕ್ಕದ ಮನೆಯ ಅಣ್ಣ ಹೇಳದಿದ್ದರೆ ಎಷ್ಟೋ ಬಾಗಿಲುಗಳು ನಮಗೆ ತೆರೆಯುತ್ತಲೇ ಇರಲಿಲ್ಲ. ಆದರೆ ಆ ಅಣ್ಣ ಕೇಳಿದಾಗ ಮಾತ್ರ ಹೇಳುತ್ತಿದ್ದ. ಜೆಲ್ಡಾ ಆಡುವಾಗ ನಾವು ಮರೆತದ್ದು ಇದನ್ನೇ.

ಹಾಗಾಗಿ ನಿಯಮ ಹೀಗಾಯಿತು: ಕೇಳದೆ ಸುಳಿವು ಕೊಡುವಂತಿಲ್ಲ. ಕೇಳಿದರೂ ಮೂರು ಮೆಟ್ಟಿಲು. ಮೊದಲನೆಯದರಲ್ಲಿ ಎಲ್ಲಿ ನೋಡಬೇಕು ಎಂದಷ್ಟೇ, ಎರಡನೆಯದರಲ್ಲಿ ಏನನ್ನು ಗಮನಿಸಬೇಕು ಎಂದು, ಮೂರನೆಯದರಲ್ಲಿ ಉತ್ತರ. ಮೂರನೆಯ ಹಂತದಲ್ಲಿ ಒಂದು ಅಸ್ಥಿಪಂಜರ ಎದ್ದು ಹೋರಾಟಕ್ಕೆ ಬರುತ್ತದೆ, ಎಷ್ಟು ಹೊಡೆದರೂ ಸಾಯುವುದಿಲ್ಲ. ಅದಕ್ಕೆ ಮೊದಲ ಸುಳಿವು: "ಬೇರೆ ಕಾವಲುಗಾರರಿಗೆ ಕೆಳಗೆ ಜೀವದ ಗುರುತು ಇರುತ್ತಲ್ಲ, ಇವನಿಗೆ ಇದೆಯಾ?" ಎರಡನೆಯದು: "ನೆಲ ಎಲ್ಲಿ ಮುಗಿಯುತ್ತೆ ನೋಡು." ಮೂರನೆಯದು: "ಹೊಡೀತಾ ಹೊಡೀತಾ ಅಂಚಿಗೆ ತಳ್ಳಿ ಬೀಳಿಸು." ಹುಡುಗರು ಮೊದಲನೆಯದರಲ್ಲೇ ಬಿಡಿಸಿಬಿಟ್ಟರು. ಮಾತೆಲ್ಲ ಆದಷ್ಟು ಕನ್ನಡದಲ್ಲಿ ಎಂದು ಹೇಳಿದ್ದೆವು. "ಎಡಕ್ಕೆ ಓಡು, ಜೋತು ಬೀಳು, ಮುಳ್ಳಿನ ಮೇಲೆ ಮೆಲ್ಲಗೆ ನಡಿ" ಎಂಬುದೆಲ್ಲ ಎರಡೇ ವಾರದಲ್ಲಿ ಮಕ್ಕಳ ಬಾಯಿಗೆ ಬಂತು. ಎಡ-ಬಲ ತಪ್ಪಿ ಗುಂಡಿಗೆ ಬಿದ್ದವರೂ ಉಂಟು!

ಇದೇ ಅಸ್ಥಿಪಂಜರದ ಹತ್ತಿರ ನಮ್ಮ ಗುಂಪು ಒಡೆಯುವುದರಲ್ಲಿತ್ತು. ದೀಪಾವಳಿಯ ಆಸುಪಾಸು. ಸದಸ್ಯೆಯೊಬ್ಬರು ಎರಡು ಭಾನುವಾರ ಕರೆಗೆ ಬರಲಿಲ್ಲ. ಜೆಲ್ಡಾದ ಪಾಠ ನೆನಪಿತ್ತಲ್ಲ, ಫೋನ್ ಮಾಡಿದೆವು. "ನಾನು ಇನ್ನೂ ಮೂರರಲ್ಲೇ ಇದ್ದೀನಿ. ನನ್ನಿಂದ ಎಲ್ಲರಿಗೂ ತಡ. ನೀವು ಹೋಗ್ತಾ ಇರಿ, ನಾನು ನೋಡ್ತಾ ಇರ್ತೀನಿ" ಎಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು: "ನೋಡೋದು ನನಗೆ ಅಭ್ಯಾಸ. ಶಿವಮೊಗ್ಗದ ಮನೇಲಿ ಅಣ್ಣ ಆಡ್ತಿದ್ದ, ನಾನು ಪಕ್ಕದ ಸ್ಟೂಲ್ ಮೇಲೆ ಕೂತು ನೋಡ್ತಿದ್ದೆ. ಕೀಬೋರ್ಡ್ ಮುಟ್ಟಿದ್ದು ಇದೇ ಮೊದಲು."

ಸಮಿತಿಯಲ್ಲಿ ಚರ್ಚೆಯಾಯಿತು. ಒಬ್ಬರಿಗಾಗಿ ಹದಿಮೂರು ಜನ ಕಾಯಬೇಕೇ? ಹುಡುಗರಿಬ್ಬರು ಬೇಡವೇ ಬೇಡ ಎಂದರು, ಅವರ ಮಾತಿನಲ್ಲೂ ನ್ಯಾಯವಿತ್ತು. ಆಗ ನೆನಪಾದದ್ದು ಆ ಅರವತ್ತು ನಿಮಿಷ. ಸೇವ್ ಮಾಡಿದಾಗ ಉಳಿದ ನಿಮಿಷವೂ ಸೇವ್ ಆಗುತ್ತದೆ. ಮೂರನೆಯ ಹಂತಕ್ಕೇ ಹದಿನೆಂಟು ನಿಮಿಷ ಕಳೆದವರಿಗೆ ಮುಂದೆ ಕಷ್ಟ ಕಾದಿದೆ. ಆದ್ದರಿಂದ ಆ ವಾರ ಮುಂದೆ ಇದ್ದವರಿಗೆ ಬೇರೆ ಕೆಲಸ ಕೊಟ್ಟೆವು: ಮೊದಲಿನಿಂದ ಮತ್ತೆ ಆಡಿ ನಿಮಿಷ ಉಳಿಸಿ. ಬೇಡವೆಂದ ಹುಡುಗರೇ ಸೆಕೆಂಡು ಸೆಕೆಂಡಿಗೆ ಪೈಪೋಟಿಗೆ ಬಿದ್ದರು. ಇತ್ತ ಆ ಸದಸ್ಯೆ ಗುರುವಾರ ರಾತ್ರಿ ಹನ್ನೊಂದೂವರೆಗೆ ಒಂದೇ ಸಾಲು ಬರೆದರು: "ಬಿದ್ದ!" ಶಿವಮೊಗ್ಗದ ಅಣ್ಣ ಅಲ್ಲಿಂದ ಎಂಟು ಚಪ್ಪಾಳೆಯ ಚಿತ್ರ ಕಳಿಸಿದರು.

ನೀವೂ ಗುಂಪು ಕಟ್ಟುವುದಾದರೆ ಇಷ್ಟನ್ನು ಖಂಡಿತ ಮಾಡಿ: ವೇಗವನ್ನು ಹಿಂದೆ ಇರುವವರಿಗೆ ಹೊಂದಿಸಿ, ಮುಂದೆ ಇರುವವರಿಗೆ ಮಾಡಲು ಏನಾದರೂ ಕೊಡಿ. ಗುಂಪಿನ ಸಂದೇಶಗಳಲ್ಲಿ ಸುಮ್ಮನಾದವರಿಗೆ ನೇರವಾಗಿ ಫೋನ್ ಮಾಡಿ. ಎಲ್ಲರೆದುರು "ಯಾಕೆ ಬರಲಿಲ್ಲ?" ಎಂದು ಕೇಳಬೇಡಿ.

ಕೊನೆಯ ಹಂತದ ಮಾತು. (ಆಡಬೇಕು ಎಂದುಕೊಂಡವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ!) ನಾಲ್ಕನೆಯ ಹಂತದಲ್ಲಿ ಕನ್ನಡಿಯೊಂದನ್ನು ಸೀಳಿಕೊಂಡು ಹಾರಿದಾಗ ರಾಜಕುಮಾರನ ನೆರಳು ಹೊರಬೀಳುತ್ತದೆ. ಆಮೇಲೆ ಅದು ಬಾಟಲಿ ಕದಿಯುತ್ತದೆ, ಬಾಗಿಲು ಹಾಕುತ್ತದೆ, ಕಾಡುತ್ತದೆ. ಈ ನೆರಳು ಹುಟ್ಟಿದ ಕಥೆ ಚೆನ್ನಾಗಿದೆ. ಮೆಕ್ನರ್ ತಮ್ಮ ತಮ್ಮ ಡೇವಿಡ್ ಓಡಿ ಹಾರುವುದನ್ನು ವಿಡಿಯೋ ತೆಗೆದು, ಅದರ ಮೇಲೆ ಒಂದೊಂದೇ ಚಿತ್ರ ಬರೆದು ರಾಜಕುಮಾರನನ್ನು ಮಾಡಿದ್ದರು. ಆ ಚಿತ್ರಗಳೇ ಕಂಪ್ಯೂಟರಿನ ಮೆಮೊರಿಯನ್ನೆಲ್ಲ ತಿಂದಿದ್ದವು, ಶತ್ರುವಿಗೆ ಜಾಗವಿರಲಿಲ್ಲ. ಅದಕ್ಕೇ ರಾಜಕುಮಾರನ ಚಿತ್ರಗಳನ್ನೇ ಸ್ವಲ್ಪ ಮಾರ್ಪಡಿಸಿ ನೆರಳಾಗಿಸಿದರು.

ಹನ್ನೆರಡನೆಯ ಹಂತದಲ್ಲಿ ಆ ನೆರಳು ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದನ್ನು ಹೊಡೆದರೆ ನಿಮ್ಮ ಜೀವವೇ ಕಡಿಮೆಯಾಗುತ್ತದೆ. ಹುಡುಗರು ಹೊಡೆದರು, ಸತ್ತರು, ಮತ್ತೆ ಹೊಡೆದರು, ಮತ್ತೆ ಸತ್ತರು. ಕೊನೆಗೆ ಸುಳಿವು ಕೇಳಿದಾಗ ಉತ್ತರ ಬಂದದ್ದು ಆ ಸದಸ್ಯೆಯಿಂದ: "ಅವನು ಯಾರು?" ಅಷ್ಟೇ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಳಬಾಣದ ಕೀಲಿ ಒತ್ತಿ ಕತ್ತಿಯನ್ನು ಒಳಗಿಟ್ಟ. ನೆರಳೂ ಇಟ್ಟಿತು. ಅದರತ್ತ ಓಡಿದ, ಇಬ್ಬರೂ ಒಂದಾದರು. ಕರೆಯಲ್ಲಿದ್ದ ಎಲ್ಲರೂ ಒಟ್ಟಿಗೆ ಕೂಗಿದ್ದರಿಂದ ಯಾರು ಏನು ಹೇಳಿದರೋ ಗೊತ್ತಾಗಲಿಲ್ಲ. ಆ ಸದಸ್ಯೆಗೆ ಈ ಗುಟ್ಟು ಸ್ಟೂಲಿನ ಮೇಲೆ ಕೂತಿದ್ದ ದಿನಗಳಿಂದಲೇ ಗೊತ್ತಿತ್ತಂತೆ. ಹನ್ನೆರಡು ವಾರ ಬಾಯಿ ಬಿಟ್ಟಿರಲಿಲ್ಲ.

ಸಂಕ್ರಾಂತಿಯ ವಾರ ಆಟ ಮುಗಿಯಿತು. ಹದಿನಾಲ್ಕರಲ್ಲಿ ಹನ್ನೊಂದು ಜನ ರಾಜಕುಮಾರಿಯನ್ನು ತಲುಪಿದರು, ಮೂವರಿಗೆ ನಿಮಿಷ ಸಾಲಲಿಲ್ಲ. ಅವರು ಉಳಿದವರ ಪರದೆಯಲ್ಲಿ ಕೊನೆಯನ್ನು ನೋಡಿದರು.

ಮುಂದಿನ ಸುತ್ತು ಬೇಸಿಗೆ ರಜೆಯಲ್ಲಿ. ಆಟ 1985ರ 'ಸೂಪರ್ ಮಾರಿಯೋ ಬ್ರದರ್ಸ್'. ಎಂಟು ಲೋಕ, ಲೋಕಕ್ಕೆ ನಾಲ್ಕು ಹಂತ, ಒಟ್ಟು ಮೂವತ್ತೆರಡು. ವಾರಕ್ಕೊಂದು ಲೋಕದಂತೆ ಎಂಟು ವಾರ. ಲೋಕಗಳನ್ನು ಹಾರಿಸಿಬಿಡುವ ಪೈಪುಗಳ ಗುಟ್ಟು ಗೊತ್ತಿದ್ದವರು ದಯವಿಟ್ಟು ಈಗಿನಿಂದಲೇ ಸುಮ್ಮನಿರಿ. ಸೇರಬಯಸುವವರು ಮೇ ಕೊನೆಯೊಳಗೆ ಸಮಿತಿಯ ಯಾರಿಗಾದರೂ ಹೆಸರು ಕೊಡಿ. ಅಣ್ಣನ ಪಕ್ಕ ಕೂತು ನೋಡಿದವರ ಹೆಸರನ್ನು ಮೊದಲು ಬರೆದುಕೊಳ್ಳುತ್ತೇವೆ.