ಬೋರ್ ಮಾಡಿಸಿದ ಟ್ರ್ಯಾಕ್ಟರ್‌ಗೆ ಹೊಸ ಸೈಲೆನ್ಸರ್ ಯಾವಾಗ ಹಾಕಬೇಕು?

ಮುಂಗಾರು ಹತ್ತಿರ ಬಂತಂದ್ರೆ ಕರ್ಜಗಿ, ಹಾವೇರಿ, ಬ್ಯಾಡಗಿ ಕಡೆ ಹಳೇ ಟ್ರ್ಯಾಕ್ಟರ್‌ಗಳ ಎಂಜಿನ್ ಬಿಚ್ಚಿಸುವ ಕೆಲಸ ಜೋರಾಗುತ್ತದೆ. ಲೈನರ್, ಪಿಸ್ಟನ್, ರಿಂಗ್ ಹೊಸವು ಹಾಕಿಸಿದ ಮೇಲೆ ಬೆಳ್ಳಿ ಬಣ್ಣದ ಹೊಸ ಸೈಲೆನ್ಸರನ್ನೂ ಕೂಡಿಸಿಬಿಡುತ್ತೇವೆ. ವಾರದೊಳಗೆ ಬಣ್ಣ ಸುಟ್ಟು ಸಿಪ್ಪೆ ಎದ್ದರೆ ಅಂಗಡಿಯವರನ್ನು ಬೈಯುತ್ತೇವೆ. ಬಹಳ ಸಲ ಇದಕ್ಕೆ ಕಾರಣ ಮೊದಲ ಕೆಲವು ಗಂಟೆ ಎಂಜಿನ್ ಓಡಿಸಿದ ರೀತಿ.

ಯಾಕೆ ಹೀಗಾಗ್ತದೆ?

ಹೊಸ ರಿಂಗ್‌ಗಳು ಲೈನರ್‌ಗೆ ಹೊಂದಿಕೊಳ್ಳುವವರೆಗೆ ಸ್ವಲ್ಪ ಆಯಿಲ್ ಮೇಲೇರಿ ಹೊಗೆಯ ಜತೆ ಹೊರಗೆ ಬರುತ್ತದೆ. ಅದು ಸೈಲೆನ್ಸರ್ ಒಳಗೆ ಅಂಟಿ ಕರಿಯಾಗುತ್ತದೆ, ಜಾಯಿಂಟ್‌ನಿಂದ ಸೋರಿ ಬಣ್ಣದ ಮೇಲೆ ಸುಡುತ್ತದೆ. ಪಂಪ್ ಟೈಮಿಂಗ್ ಹಿಂದೆ ಬಿದ್ದಿದ್ದರೆ ಡೀಸೆಲ್ ತಡವಾಗಿ ಉರಿದು, ಆ ಕಾವು ಮ್ಯಾನಿಫೋಲ್ಡ್‌ಗೆ ಹೋಗುತ್ತದೆ. ಸೆರಾಮಿಕ್ ಲೇಪನದ ದುಬಾರಿ ಪೈಪ್ ಇರುವ ಕಾರುಗಳಿಗೂ ಇದೇ ಲೆಕ್ಕ: ಎಂಜಿನ್ ಹೊಂದುವವರೆಗೆ ಹಳೇ ಪೈಪ್, ಆಮೇಲೆ ಹೊಸದು.

ಚಾಲೂ ಮಾಡುವ ಮೊದಲು

* ಹಳೇ ಸೈಲೆನ್ಸರನ್ನೇ ಹಾಕಿರಿ. ಒಳಗೆ ಮಸಿ ಕಟ್ಟಿದ್ದರೆ ಮೊದಲು ತೆಗೆಯಿರಿ. ಹೊಗೆಗೆ ದಾರಿ ಇಲ್ಲದಿದ್ದರೆ ಎಂಜಿನ್ ಕಾಯುತ್ತದೆ.
* ಏರ್ ಕ್ಲೀನರ್, ರೇಡಿಯೇಟರ್ ನೀರು, ಟ್ಯಾಪೆಟ್, ಪಂಪ್ ಟೈಮಿಂಗ್ ನೋಡಿಸಿರಿ.
* ಸ್ಟಾಪ್ ಎಳೆದಿಟ್ಟು ಸೆಲ್ಫ್ ಅನ್ನು ಹತ್ತು ಸೆಕೆಂಡಿನಂತೆ ಬಿಟ್ಟುಬಿಟ್ಟು ಹೊಡೆಯಿರಿ. ಡೀಸೆಲ್ ಹೋಗದೆ ಆಯಿಲ್ ಎಲ್ಲ ಕಡೆ ಮುಟ್ಟುತ್ತದೆ.

ಮೊದಲ ಗಂಟೆಗಳು

"ತಾಸುಗಟ್ಟಲೆ ಸ್ಲೋದಾಗ ಬಿಡ್ರಿ, ತಾನೇ ಸೆಟ್ ಆಗ್ತದ" ಅನ್ನುವವರಿದ್ದಾರೆ. ಹಾಗೆ ಮಾಡಬೇಡಿ. ಲೋಡ್ ಇಲ್ಲದೆ ರಿಂಗ್ ಗೋಡೆಗೆ ಒತ್ತುವುದಿಲ್ಲ. ಲೈನರ್ ಕನ್ನಡಿಯಂತೆ ನುಣುಪಾಗಿ, ಆಯಿಲ್ ಕುಡಿಯುವ ಚಟ ಉಳಿದುಬಿಡುತ್ತದೆ. ಸೋರಿಕೆ, ಆಯಿಲ್ ಪ್ರೆಶರ್ ನೋಡಿಕೊಂಡು, ಎಂಜಿನ್ ಬೆಚ್ಚಗಾದ ಮೇಲೆ ಹಗುರ ಕೆಲಸಕ್ಕೆ ಹಚ್ಚಿರಿ: ಖಾಲಿ ಟ್ರೇಲರ್, ಹದವಿದ್ದ ಹೊಲದಲ್ಲಿ ಕುಂಟೆ. ವೇಗ ಒಂದೇ ಸಮ ಇಡದೆ ಆಗಾಗ ಬದಲಿಸಿರಿ. ಸುಮಾರು 50 ಗಂಟೆವರೆಗೆ ನಮ್ಮ ಎರೆ ಹೊಲದಲ್ಲಿ ಆಳದ ನೇಗಿಲು, ರೋಟವೇಟರ್ ಬೇಡ. ನಿಮ್ಮ ಟ್ರ್ಯಾಕ್ಟರ್ ಪುಸ್ತಕ ಬೇರೆ ಹೇಳಿದ್ದರೆ ಅದನ್ನೇ ಅನುಸರಿಸಿರಿ.

ಹಗುರ ಲೋಡಿಗೇ ಮ್ಯಾನಿಫೋಲ್ಡ್ ಕೆಂಪಗಾದರೆ ಲೋಡ್ ತೆಗೆದು, ಎರಡು ನಿಮಿಷ ಸ್ಲೋ ಬಿಟ್ಟು, ಬಂದ್ ಮಾಡಿ. ಟೈಮಿಂಗ್, ಇಂಜೆಕ್ಟರ್, ಏರ್ ಕ್ಲೀನರ್ ಈ ಮೂರನ್ನು ಪರೀಕ್ಷಿಸಿ. ಕರಿ ಹೊಗೆ ಎಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು. ನೀಲಿ ಹೊಗೆ ಆಯಿಲಿನದು. ದಿನದಿಂದ ದಿನಕ್ಕೆ ಇಳಿಯಬೇಕು. ಕಾದ ಮ್ಯಾನಿಫೋಲ್ಡ್ ಮೇಲೆ ನೀರು ಬಿದ್ದರೆ ಬೀಡು ಸೀಳುತ್ತದೆ. ಕೆಲಸ ಮುಗಿಸಿ ನೇರ ವರದಾ ಹೊಳೆಗೆ ತೊಳೆಯಲು ಒಯ್ಯಬೇಡಿ. ಮೇವಿನ ಬಣವೆ ಹತ್ತಿರವೂ ನಿಲ್ಲಿಸಬೇಡಿ.

ಹೊಸದನ್ನು ಕೂಡಿಸುವಾಗ

ನೀಲಿ ಹೊಗೆ ನಿಂತ ಮೇಲೆ ಹೊಸ ಸೈಲೆನ್ಸರ್ ಹಾಕಿರಿ. ನೀವೇ ಬಣ್ಣ ಹಚ್ಚುವುದಾದರೆ ತುಕ್ಕು ಉಜ್ಜಿ, ಥಿನ್ನರ್‌ನಿಂದ ಎಣ್ಣೆ ಒರೆಸಿ, 600 ಡಿಗ್ರಿ ಸೆಲ್ಸಿಯಸ್ ತಡೆಯುವ ಶಾಖನಿರೋಧಕ ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಿ. ಪೂರ್ತಿ ಒಣಗಲಿ. ಮೊದಲು ಹತ್ತು ನಿಮಿಷ ಸ್ಲೋ ಓಡಿಸಿ ಆರಿಸಿ, ಆಮೇಲೆ ಸ್ವಲ್ಪ ಹೆಚ್ಚು ಹೊತ್ತು, ಕೊನೆಗೆ ಲೋಡ್. ಬಣ್ಣ ಗಟ್ಟಿಯಾಗುವುದು ಹೀಗೆ ಹಂತಹಂತದ ಕಾವಿನಿಂದಲೇ. ಎಂಜಿನ್ ತಣ್ಣಗಾದಾಗ ಮ್ಯಾನಿಫೋಲ್ಡ್ ನಟ್ ಮತ್ತೊಮ್ಮೆ ಬಿಗಿಸಿರಿ.

ಮೊದಲ ಆಯಿಲ್ ಮತ್ತು ಫಿಲ್ಟರ್ ಬೇಗ ಬದಲಿಸಿ. ಅದರಲ್ಲಿ ಲೋಹದ ಪುಡಿ ಇರುತ್ತದೆ. ತೆಗೆದ ಆಯಿಲನ್ನು ಬದುವಿಗೆ, ಬಾವಿ ಪಕ್ಕ ಸುರಿಯಬೇಡಿ. ಸಾವಯವ ಮಾಡುವವನಾಗಿ ಇದನ್ನು ಒತ್ತಿ ಹೇಳುತ್ತೇನೆ: ಅದು ಬಿದ್ದ ನೆಲದಲ್ಲಿ ಎರೆಹುಳು ಉಳಿಯುವುದಿಲ್ಲ. ಡಬ್ಬಿಯಲ್ಲಿ ತುಂಬಿ, ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ.